ಮೂರು ಊರಿನ ಒಂದು ಅರ್ಜಿ

ವಿಶ್ವವಿದ್ಯಾಲಯದ ಸುತ್ತೋಲೆ ನಮ್ಮ ಕೊಟ್ಟೂರಿನ ಕಾಲೇಜಿಗೆ ಬಂದಾಗ ಪ್ರಾಂಶುಪಾಲರು ಅದನ್ನು ನೋಟಿಸ್ ಬೋರ್ಡಿಗೆ ಹಚ್ಚಿಸಿ, "ಇದು ನಮಗಲ್ಲ ಬಿಡ್ರಿ" ಎಂದು ಹೇಳಿ ಚಹಾ ಕುಡಿಯಲು ಹೋದರು. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಮಾನವಿಕ ವಿಭಾಗದ ಕನಿಷ್ಠ ಮೂರು ವಿಷಯಗಳ ಅಧ್ಯಾಪಕರು ಕೂಡಿ ಒಂದೇ ಸಂಶೋಧನೆ ಮಾಡುವುದಾದರೆ ವಿಶ್ವವಿದ್ಯಾಲಯ ಧನಸಹಾಯ ಕೊಡುತ್ತದೆ, ಸಂಯೋಜಿತ ಕಾಲೇಜಿನವರೂ ಅರ್ಜಿ ಹಾಕಬಹುದು ಎಂದು ಅದರಲ್ಲಿತ್ತು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ನಮಗಲ್ಲ ಅಂದರೆ ಮತ್ತೆ ಯಾರಿಗೆ ಎಂದುಕೊಂಡು, ಆ ಕಾಗದವನ್ನು ಬೋರ್ಡಿನಿಂದ ಬಿಚ್ಚಿ ಬ್ಯಾಗಿಗೆ ಹಾಕಿಕೊಂಡೆ.

ನಾನು ಕನ್ನಡ ಕಲಿಸುವವಳು. ನಮ್ಮ ಕಡೆಯ ಸ್ಟಾಫ್ ರೂಮುಗಳಲ್ಲಿ ಮನುಷ್ಯರಿಗೆ ಹೆಸರಿರುವುದಿಲ್ಲ, ವಿಷಯ ಇರುತ್ತದೆ. ನಾನು 'ಕನ್ನಡ ಮೇಡಂ'. ಪರೀಕ್ಷೆಯ ಮೌಲ್ಯಮಾಪನಕ್ಕೆ ಹೋದಾಗಲೆಲ್ಲ ಒಂದೇ ಮೇಜಿಗೆ ಊಟಕ್ಕೆ ಕೂರುತ್ತಿದ್ದವರು ಇನ್ನಿಬ್ಬರಿದ್ದರು. ಕೂಡ್ಲಿಗಿ ಕಾಲೇಜಿನ 'ಇತಿಹಾಸ ಸರ್', ಹರಪನಹಳ್ಳಿ ಕಾಲೇಜಿನ 'ಭೂಗೋಳ ಸರ್'. ಇತಿಹಾಸದವರು ಒಂದು ಮಾತು ಆಡುವ ಮುಂಚೆ ಮೂರು ಸಲ ಯೋಚಿಸುವವರು. ಭೂಗೋಳದವರು ತೆಲಿಗಿಯಿಂದ ದಿನಾ ಬಸ್ಸಿಗೆ ಬರುವವರು, ಕೂತಲ್ಲೇ ನಿದ್ದೆ ಮಾಡಬಲ್ಲವರು. ಇಬ್ಬರಿಗೂ ಎಸ್.ಟಿ.ಡಿ. ಬೂತಿನಿಂದ ಫೋನ್ ಮಾಡಿದೆ. ಇಬ್ಬರೂ ಒಪ್ಪಿದರು. ಒಪ್ಪಿದ್ದೇನೋ ಸರಿ, ಏನು ಮಾಡುವುದೆಂದು ಮೂವರಿಗೂ ಗೊತ್ತಿರಲಿಲ್ಲ.

ವಿಷಯ ಸಿಕ್ಕಿದ್ದು ನನ್ನ ವಿದ್ಯಾರ್ಥಿನಿಯೊಬ್ಬಳಿಂದ. ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿ ಕಡೆಯ ಒಂದು ಹಟ್ಟಿಯ ಹುಡುಗಿ, ಕುರಿ ಸಾಕುವ ಮನೆಯವಳು. ಅವಳ ಅಜ್ಜಿ ಮತ್ತು ಅಜ್ಜಿಯ ವಾರಗಿತ್ತಿ ಕೂಡಿ ಒಂದು ದೊಡ್ಡ ಹಾಡು ಹೇಳುತ್ತಿದ್ದರು. ಅವರ ಹಿರಿಯರು ಮನೆದೇವರನ್ನು ಬುಟ್ಟಿಯಲ್ಲಿ ಹೊತ್ತು, ಹಡಗಲಿ ಕಡೆಯ ಹೊಳೆದಂಡೆಯಿಂದ ಕುರಿ ಹೊಡೆದುಕೊಂಡು ಇಲ್ಲಿಗೆ ಬಂದ ಕಥೆ ಅದು. ಅಜ್ಜಿ ಮುಂದೆ ಹಾಡುತ್ತಾರೆ, ವಾರಗಿತ್ತಿ ಹಿಂದೆ ಎತ್ತಿಕೊಳ್ಳುತ್ತಾರೆ.

ಒಂದು ಭಾನುವಾರ ಮೂವರೂ ಹಟ್ಟಿಗೆ ಹೋದೆವು. ನಾನು ಟೇಪ್ ರೆಕಾರ್ಡರ್ ಇಟ್ಟುಕೊಂಡು ಎದುರಿಗೆ ಕೂತೆ. ಇತಿಹಾಸದವರು ಪಕ್ಕದಲ್ಲಿ. ಭೂಗೋಳದವರು ಬೇವಿನ ಮರಕ್ಕೆ ಒರಗಿದರು, ಅಂದರೆ ಏನೆಂದು ನಮಗೆ ಗೊತ್ತಿತ್ತು. ಅಜ್ಜಿ ಶುರು ಮಾಡುವ ಮುಂಚೆ ಒಂದು ಷರತ್ತು ಹಾಕಿದರು.

"ನಡುವ ನಿಲ್ಸು ಅನಬ್ಯಾಡ ನೋಡವ್ವ. ಹಾಡಿನಾಗ ಕುರಿ ನೀರಿಗೆ ಬಂದ್ರ ನಾವೂ ನೀರು ಕುಡೀತೀವಿ. ಅಲ್ಲಿ ನಿಂದರ್ತೀವಿ. ಅಲ್ಲಿಮಟ ಯಾರು ಬಂದ್ರೂ ನಿಲ್ಲಾದಿಲ್ಲ."

ಆ ಹಟ್ಟಿಯ ಪದ್ಧತಿ ಅದು. ಹಾಡಿನಲ್ಲಿ ಕುರಿ ಹಳ್ಳಕ್ಕೋ ಬಾವಿಗೋ ಬಂದು ಮುಟ್ಟಿದಾಗ ಒಂದು ಚೊಂಬು ನೀರು ಬರುತ್ತದೆ. ಹಾಡುವವರು ಒಂದು ಗುಟುಕು, ಕೇಳುವವರು ಒಂದು ಗುಟುಕು. ಆಮೇಲೆ ಮುಂದಿನ ದಾರಿ. ಕುರಿಯನ್ನು ನಡುದಾರಿಯಲ್ಲಿ ಬಾಯಾರಿಸಿ ನಿಲ್ಲಿಸಬಾರದು ಎಂಬುದು ಅದರ ಅರ್ಥ. ಇದನ್ನು ಮರೆತ ಇತಿಹಾಸದವರು ನಡುವೆ ಬಾಯಿ ಹಾಕಿ, "ಈ ಹಿರಿಯ ನಿಮಗೆ ಎಷ್ಟನೇ ತಲಿ ಅಜ್ಜಿ?" ಎಂದು ಕೇಳಿಬಿಟ್ಟರು. ಅಜ್ಜಿ ಹಾಡು ನಿಲ್ಲಿಸದೆ ಕೈಯೆತ್ತಿ ಸುಮ್ಮನಿರಲು ಹೇಳಿದ ರೀತಿಗೆ ಅವರು ಸಂಜೆಯವರೆಗೂ ಮತ್ತೆ ತುಟಿ ಬಿಚ್ಚಲಿಲ್ಲ.

ನನ್ನ ಪಾಡಿಗೆ ನಾನು ಹಾಡು ತುಂಬಿಕೊಂಡೆ. ಚೊಂಬು ಬಂದಾಗಲೆಲ್ಲ ರೆಕಾರ್ಡರ್ ಆರಿಸುತ್ತಿದ್ದೆ, ಕ್ಯಾಸೆಟ್ ಉಳಿಯಲೆಂದು. ಕನ್ನಡದವರಿಗೆ ಬೇಕಾದ್ದು ಪದ, ಬಿಡುವನ್ನು ಕಟ್ಟಿಕೊಂಡು ಏನು ಮಾಡುವುದು? ಹಡಗಲಿಯಿಂದ ಕೊಟ್ಟೂರಿನವರೆಗಿನ ದಾರಿ ಮುಗಿಯುವ ಹೊತ್ತಿಗೆ ಬಿಸಿಲು ಇಳಿದಿತ್ತು. ಉಳಿದದ್ದು ಇನ್ನೊಮ್ಮೆ ಎಂದರು ಅಜ್ಜಿ.

ಅರ್ಜಿಯನ್ನು ನಾವು ಹೇಗೆ ಬರೆದೆವು ಅಂದರೆ, ಮೂವರೂ ಅವರವರ ಮನೆಯಲ್ಲಿ ಕೂತು ಬರೆದೆವು. ನಾನು ಹಾಡಿನ ಛಂದಸ್ಸು, ಭಾಷೆ. ಇತಿಹಾಸದವರು ಹಿರಿಯರ ಹೆಸರು, ವಲಸೆ. ಭೂಗೋಳದವರು ದಾರಿಯ ತಾಲ್ಲೂಕುಗಳ ಮಳೆ, ಮಣ್ಣು, ಹಳ್ಳ. ಕೊಟ್ಟೂರಿನ ಡಿ.ಟಿ.ಪಿ. ಅಂಗಡಿಯಲ್ಲಿ ಮೂರನ್ನೂ ಒಂದರ ಕೆಳಗೊಂದು ಬೆರಳಚ್ಚು ಮಾಡಿಸಿ, ಮೇಲೊಂದು ಹಾಳೆ ಇಟ್ಟು ಕಳಿಸಿದೆವು. ಕರೆಂಟು ಹೋಗಿ ಹೋಗಿ ಬಂದು ಆ ಹುಡುಗ ಒಂದು ಪುಟವನ್ನು ಮತ್ತೆ ಮತ್ತೆ ಹೊಡೆದ. ಅಷ್ಟು ಕಷ್ಟಪಟ್ಟ ಅರ್ಜಿ ತಿಂಗಳು ತುಂಬುವುದರೊಳಗೆ ವಾಪಸು ಬಂತು. ಪರಿಶೀಲನಾ ಸಮಿತಿಯವರು ಮೇಲೆ ಹೀಗೆ ಬರೆದಿದ್ದರು: 'ಇಲ್ಲಿ ಮೂರು ಬಿಡಿ ಪ್ರಸ್ತಾವಗಳಿವೆ. ಸಹಯೋಗ ಕಾಣುತ್ತಿಲ್ಲ. ತಿದ್ದಿ ಸಲ್ಲಿಸಬಹುದು.'

ತಿದ್ದುವುದು ಹೇಗೆಂದು ಕೇಳೋಣವೆಂದು ಮೂವರೂ ರಜೆ ಹಾಕಿ ವಿಶ್ವವಿದ್ಯಾಲಯಕ್ಕೆ ಹೋದೆವು. ಅಲ್ಲಿನ ಹಿರಿಯ ಪ್ರಾಧ್ಯಾಪಕರೊಬ್ಬರು ನಮ್ಮನ್ನು ಕೂರಿಸಿ, ಕಾಫಿ ತರಿಸಿ, ಅರ್ಜಿಯನ್ನು ಪೂರ್ತಿ ಓದಿದರು. ಕೆಟ್ಟವರಲ್ಲ. ಅದೇ ಯೋಜನೆಗೆ ಅವರ ವಿಭಾಗದಿಂದಲೂ ಒಂದು ಅರ್ಜಿ ಹೋಗುವುದಿತ್ತು.

"ಹಾಡು ಬಹಳ ಚೆನ್ನಾಗಿದೆ," ಎಂದರು. "ಆದರೆ ನಿಮ್ಮ ಕೈಯಲ್ಲಿ ಆಗುವ ಕೆಲಸವಲ್ಲ ಇದು. ನಮ್ಮ ಅರ್ಜಿಯಲ್ಲಿ ಸೇರಿಸಿಕೊಳ್ಳುತ್ತೇನೆ. ನೀವು ಕ್ಷೇತ್ರದಲ್ಲಿ ಸಂಗ್ರಹಿಸಿ ಕೊಡಿ, ವಿಶ್ಲೇಷಣೆ ನಾವು ಮಾಡುತ್ತೇವೆ. ಕೃತಜ್ಞತೆಯಲ್ಲಿ ನಿಮ್ಮ ಮೂವರ ಹೆಸರೂ ಖಂಡಿತ ಬರುತ್ತದೆ."

ನಾನು ಕಾಫಿ ಲೋಟವನ್ನು ಮೇಜಿನ ಮೇಲಿಟ್ಟೆ. ಯೋಚಿಸಿ ಹೇಳುತ್ತೇವೆ ಎಂದು ಎದ್ದವರು ಇತಿಹಾಸದವರು. ನಾನು ಮಾತಾಡಿದ್ದರೆ ಯೋಚಿಸುವ ಪ್ರಸಂಗವೇ ಇರುತ್ತಿರಲಿಲ್ಲ.

ಬಸ್ಸಿನಲ್ಲಿ ಜಗಳ ಆಯಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ನಮ್ಮಲ್ಲಿ ಮೂರನೆಯದೊಂದು ಪ್ರಾಣಿಯೂ ಇತ್ತು.

"ಮೇಡಂ, ಸಿಗಾದನ್ನ ಯಾಕ್ರಿ ಬಿಡಬೇಕು?" ಎಂದರು ಭೂಗೋಳದವರು. "ಒಪ್ಪಿಕೊಂಡ್ರ ಹಾಡಾದ್ರೂ ಉಳಿತೈತಿ. ನಾವು ಹಟ ಹಿಡಿದ್ರ ಹಾಡೂ ಇಲ್ಲ, ಹೆಸರೂ ಇಲ್ಲ."

"ಅವರ ಕೂಲಿ ಮಾಡಾಕ ನಾನು ಎಂ.ಎ. ಮಾಡಿಲ್ರಿ," ಎಂದೆ.

"ಕೂಲಿ ಅಂತ ಯಾಕಂತೀರಿ?"

"ಹೊತ್ತು ತಂದು ಕೊಡೋರು ನಾವು, ಅದು ಏನಂತ ಹೇಳೋರು ಅವರು. ಅದಕ್ಕ ಮತ್ತೇನಂತಾರ?"

ಇತಿಹಾಸದವರು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಹಗರಿಬೊಮ್ಮನಹಳ್ಳಿ ದಾಟಿದ ಮೇಲೆ ಬಾಯಿ ಬಿಟ್ಟರು. "ಬೈದದ್ದು ಸುಳ್ಳಲ್ಲ ನೋಡ್ರಿ ಸಮಿತಿಯವರು. ಮೂರು ಬಿಡಿಯಾಗೇ ಅದಾವ. ಮುಂದಿನ ಭಾನುವಾರ ಕೂಡಾಣು. ಮೂರನ್ನೂ ಹಿಡಿಯೋ ಒಂದು ದಾರ ಸಿಕ್ರ ನಮ್ಮ ಅರ್ಜಿ. ಸಿಗಲಿಲ್ಲಂದ್ರ ಪ್ರಾಧ್ಯಾಪಕರ ಮಾತಿಗೆ ಹೂಂ ಅನ್ನಾಣು." ನಾವಿಬ್ಬರೂ ಒಪ್ಪಿದೆವು.

ಆ ಭಾನುವಾರ ಕೊಟ್ಟೂರಿನ ನಮ್ಮ ಮನೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಸುತ್ತ ಮೂವರೂ ಕೂತೆವು. ಭೂಗೋಳದವರು ಸರ್ವೆ ನಕ್ಷೆಯ ಹಾಳೆಗಳನ್ನು ನೆಲಕ್ಕೆ ಹಾಸಿದರು. ನಾನು ಬರೆದಿಟ್ಟುಕೊಂಡಿದ್ದ ಹಾಡನ್ನು ಮೊದಲಿನಿಂದ ಗಟ್ಟಿಯಾಗಿ ಓದತೊಡಗಿದೆ. ನಿಲ್ಲಿಸದೆ ಓದುತ್ತಿದ್ದವಳನ್ನು ಭೂಗೋಳದವರು ತಡೆದರು.

"ತಡೀರಿ ಮೇಡಂ. ಇಲ್ಲಿ ಚೊಂಬು ಬಂತು."

"ನಿಮಗ ಹೆಂಗ ಗೊತ್ತು? ನೀವು ಮಲಕ್ಕಂಡಿದ್ರಿ."

"ಅದಕ್ಕ ಗೊತ್ತು. ಚೊಂಬು ಬಂದಾಗೆಲ್ಲ ಎಬ್ಬಿಸಿದ್ರಲ್ಲ. ಎದ್ದಾಗ ಕಿವಿಗೆ ಬಿದ್ದ ಊರಿನ ಹೆಸರಷ್ಟ ನನಗ ನೆನಪದಾವ."

ನಾನು ನಕ್ಕುಬಿಟ್ಟೆ. ಆದರೆ ಅವರು ನಗಲಿಲ್ಲ. ಅವರಿಗೆ ನೆನಪಿದ್ದ ಒಂದೊಂದು ಹೆಸರನ್ನೂ ನಕ್ಷೆಯ ಮೇಲೆ ಹುಡುಕಿ ಪೆನ್ಸಿಲಿನಿಂದ ಗುರುತು ಮಾಡುತ್ತ ಹೋದರು. ನನ್ನ ಪಠ್ಯದಲ್ಲಿ ಇಲ್ಲದ ಬಿಡುವುಗಳೆಲ್ಲ ಅವರ ನಿದ್ದೆಯಲ್ಲಿ ಉಳಿದುಕೊಂಡಿದ್ದವು. ಗುರುತುಗಳನ್ನು ಸೇರಿಸಿದಾಗ ಹೊಳೆದಂಡೆಯಿಂದ ಹಗರಿಬೊಮ್ಮನಹಳ್ಳಿ ಕಡೆಗೆ ಬಂದು, ಚಿಕ್ಕ ಹಗರಿಯ ಮರಳಗುಂಟ ಕೊಟ್ಟೂರಿಗೆ ತಿರುಗುವ ಒಂದು ದಾರಿ ಎದ್ದು ಬಂತು. ಒಂದು ನೀರಿನಿಂದ ಇನ್ನೊಂದು ನೀರಿಗೆ ಕುರಿಹಿಂಡು ಒಂದು ದಿನಕ್ಕೆ ಮೇಯುತ್ತ ನಡೆಯುವಷ್ಟೇ ದೂರ. ಹಾಡಿನ ಒಂದೊಂದು ತುಂಡೂ ಒಂದು ದಿನದ ನಡಿಗೆ. ನಮ್ಮ ಮೂವರ ಕೈಯೂ ಮಂಡಕ್ಕಿಯ ತಟ್ಟೆಯಿಂದ ಹೊರಗೆ ಬಂದಿತ್ತು.

ಒಂದು ಕಡೆ ಮಾತ್ರ ಲೆಕ್ಕ ತಪ್ಪಿತು. ಕೊಟ್ಟೂರಿಗೆ ಬರುವ ಮುಂಚಿನ ಒಂದು ಚೊಂಬಿಗೆ ನಕ್ಷೆಯಲ್ಲಿ ನೀರೇ ಇರಲಿಲ್ಲ. ಹಳ್ಳವಿಲ್ಲ, ಕೆರೆಯಿಲ್ಲ, ಎರೆಹೊಲದ ನಡುವೆ ಒಂದು ಸಣ್ಣ ಊರಿನ ಹೆಸರು ಅಷ್ಟೆ.

"ಅಜ್ಜಿ ತಪ್ಪಿ ಹಾಡಿರಬೇಕು," ಎಂದೆ ನಾನು.

"ಅಥವಾ ನನಗ ನಿದ್ದಿಗಣ್ಣಾಗ ತಪ್ಪಿ ಕೇಳಿಸಿರಬೇಕು," ಎಂದರು ಭೂಗೋಳದವರು.

ಇತಿಹಾಸದವರು ಎದ್ದು ಚಪ್ಪಲಿ ಹಾಕಿಕೊಂಡರು. "ಹೋಗಿ ನೋಡಿದ್ರ ಆತು. ಬಸ್ಸು ಐತಿ."

ಆ ಊರಲ್ಲಿ ಇಳಿದು, ಮೆಕ್ಕೆಜೋಳದ ಹೊಲಗಳ ಬದುವಿನ ಮೇಲೆ ಅಲೆದೆವು. ಬಹಳ ಹೊತ್ತು ಏನೂ ಕಾಣಲಿಲ್ಲ. ಭೂಗೋಳದವರು ನಿಂತು ಸುತ್ತ ನೋಡಿ, ಇಲ್ಲಿನ ನೆಲ ಮೂರು ಕಡೆಯಿಂದ ಒಳಗೆ ಇಳಿಯುತ್ತದೆ, ನಾಲ್ಕನೆಯ ಕಡೆ ಮಾತ್ರ ದಿಣ್ಣೆ ಇದೆ, ಇಷ್ಟು ನೆಟ್ಟಗಿನ ದಿಣ್ಣೆಯನ್ನು ನೆಲ ತಾನಾಗಿ ಮಾಡುವುದಿಲ್ಲ ಎಂದರು. ದಿಣ್ಣೆ ಹಿಡಿದು ನಡೆದ ಇತಿಹಾಸದವರು ಒಂದು ಕಡೆ ಕುಕ್ಕುರುಗಾಲಲ್ಲಿ ಕೂತುಬಿಟ್ಟರು. ಮೆಕ್ಕೆಜೋಳದ ದಂಟಿನ ನಡುವೆ ಎರಡು ಕಲ್ಲುಕಂಬ, ಮೇಲೊಂದು ಅಡ್ಡಗಲ್ಲು. ಹೊಲದವರು ಅದಕ್ಕೆ ಎಮ್ಮೆ ಕಟ್ಟುತ್ತಿದ್ದರು. ಇತಿಹಾಸದವರು ಕಲ್ಲಿನ ತೂತು, ಉಳಿಯ ಗುರುತು ಎಲ್ಲ ಸವರಿ ನೋಡಿದರು.

"ತೂಬು ಇದು. ಕೆರಿ ತೂಬು," ಎಂದರು. "ಕೆಲಸ ನೋಡಿದ್ರ ಪಾಳೆಯಗಾರರ ಕಾಲಕ್ಕಿಂತ ಈಚಿಂದಲ್ಲ."

ಎಮ್ಮೆಯ ಯಜಮಾನ ಬಂದು, ಯಾರು ಏನೆಂದು ವಿಚಾರಿಸಿ, "ನಮ್ಮ ಹೊಲಕ್ಕ ಕೆರಿಅಂಗಳ ಅಂತಾರ್ರಿ. ಕೆರಿ ನಾವ್ಯಾರೂ ಕಂಡಿಲ್ಲ," ಎಂದ.

ಅಲ್ಲಿ ಆದ ಸಂತೋಷವನ್ನು ನಾನು ಬೇರೆ ಕಡೆ ಕಂಡಿಲ್ಲ. ಒಡೆದು ಹೋಗಿ, ಉತ್ತು ಬಿತ್ತಿ, ಕಂಡವರ ನೆನಪಿನಿಂದಲೂ ಅಳಿದ ಒಂದು ಕೆರೆ ಆ ಹಾಡಿನಲ್ಲಿ ಇನ್ನೂ ತುಂಬಿತ್ತು. ಹಾಡು ಇಲ್ಲದೆ ಇಲ್ಲಿಗೆ ಬರುತ್ತಿರಲಿಲ್ಲ. ನೆಲ ಓದುವವರಿಲ್ಲದೆ ದಿಣ್ಣೆ ಸಿಗುತ್ತಿರಲಿಲ್ಲ. ಕಲ್ಲು ಓದುವವರಿಲ್ಲದೆ ಅದು ಎಮ್ಮೆ ಕಟ್ಟುವ ಕಂಬವಾಗಿಯೇ ಉಳಿಯುತ್ತಿತ್ತು. ವಾಪಸು ಬರುವಾಗ ಪ್ರಾಧ್ಯಾಪಕರಿಗೆ ಏನು ಹೇಳುವುದೆಂಬ ಮಾತನ್ನು ಯಾರೂ ಎತ್ತಲಿಲ್ಲ. ಮರುದಿನ ನಾನೇ ಫೋನ್ ಮಾಡಿ, ವಿನಯದಿಂದಲೇ, ನಮ್ಮ ಅರ್ಜಿ ನಾವೇ ಹಾಕುತ್ತೇವೆ ಸರ್ ಎಂದೆ. "ನಿಮ್ಮಿಷ್ಟ," ಎಂದರು ಅವರು.

ಹಟ್ಟಿಗೆ ಮತ್ತೆ ಹೋಗಿ ಅದೇ ಭಾಗವನ್ನು ಹಾಡಿಸಿದೆವು. ಈ ಸಲ ಚೊಂಬು ಬಂದಾಗ ರೆಕಾರ್ಡರ್ ಆರಿಸಲಿಲ್ಲ, ಭೂಗೋಳದವರು ಮಲಗಲಿಲ್ಲ. ಅರ್ಜಿಯನ್ನು ಹರಿದು ಹೊಸದಾಗಿ ಬರೆದೆವು, ಒಂದೇ ಮೇಜಿನ ಮೇಲೆ, ಮೂವರೂ ಕೂತು. ವಿಷಯವಾರು ಅಧ್ಯಾಯಗಳನ್ನು ಕಿತ್ತುಹಾಕಿದೆವು. ಒಂದು ನೀರಿಗೆ ಒಂದು ಅಧ್ಯಾಯ. ಪ್ರತಿ ಅಧ್ಯಾಯದಲ್ಲೂ ಹಾಡು, ನೆಲ, ಕಾಲ ಮೂರೂ ಇರಬೇಕು. ನಮೂನೆಯಲ್ಲಿ 'ವಿಷಯವಾರು ಕೆಲಸದ ಹಂಚಿಕೆ' ಎಂದು ಮೂರು ಚೌಕಗಳಿದ್ದವು. ನಾವು ಮೂರು ಚೌಕಗಳನ್ನೂ ದಾಟಿಸಿ ಅಡ್ಡಡ್ಡ ಒಂದೇ ಉತ್ತರ ಬರೆದೆವು. ಗುಮಾಸ್ತರು ತಿರಸ್ಕರಿಸುತ್ತಾರೆ ಎಂದು ಇತಿಹಾಸದವರಿಗೆ ದಿಗಿಲು. ತಿರಸ್ಕರಿಸಲಿ ಎಂದೆ ನಾನು. 'ಪ್ರಧಾನ ಸಂಶೋಧಕರು' ಎಂಬಲ್ಲಿ ಒಂದೇ ಹೆಸರಿಗೆ ಜಾಗವಿತ್ತು. ಗಂಡಸರಿಬ್ಬರೂ ನೀವು ನೀವು ಎಂದು ಬಹಳ ಹೊತ್ತು ಉಪಚಾರ ಮಾಡಿಕೊಂಡರು. ಕೊನೆಗೆ ಬೇಸತ್ತು ನನ್ನ ಹೆಸರು ಬರೆದೆ.

ಸಂದರ್ಶನಕ್ಕೆ ಕರೆ ಬಂತು. ಉದ್ದನೆಯ ಮೇಜಿನ ಆಚೆ ಸಮಿತಿ, ಈಚೆ ನಾವು ಮೂವರು. ಮಾದರಿ ಧ್ವನಿಮುದ್ರಣ ಹತ್ತು ನಿಮಿಷ ಮೀರಬಾರದೆಂದು ನಿಯಮ. ಕ್ಯಾಸೆಟ್ ಹಚ್ಚಿದೆ. ಹತ್ತು ನಿಮಿಷಕ್ಕೆ ಸರಿಯಾಗಿ ಅಧ್ಯಕ್ಷರು ಕೈಯೆತ್ತಿ, "ಸಾಕು, ನಿಲ್ಲಿಸಿ," ಎಂದರು.

"ಇಲ್ಲಿ ನಿಲ್ಲಿಸುವಂತಿಲ್ಲ ಸರ್," ಎಂದೆ. "ಕುರಿ ಇನ್ನೂ ದಾರಿಯಲ್ಲಿವೆ, ನೀರು ಸಿಕ್ಕಿಲ್ಲ. ನೀರು ಬಂದ ಕೂಡಲೇ ನಿಲ್ಲಿಸುತ್ತೇನೆ. ಹಾಡಿದವರಿಗೆ ಮಾತು ಕೊಟ್ಟಿದ್ದೇನೆ."

ಯಾರೋ ಒಬ್ಬರು ಗಡಿಯಾರ ನೋಡಿದರು. ಇತಿಹಾಸದವರು ಮೇಜಿನ ಕೆಳಗೆ ನನ್ನ ಸೆರಗು ಜಗ್ಗಿದರು. ಅಧ್ಯಕ್ಷರು ಎತ್ತಿದ ಕೈಯನ್ನು ನಿಧಾನವಾಗಿ ಇಳಿಸಿ ಕುರ್ಚಿಗೆ ಒರಗಿದರು. ಹಾಡು ಸಾಗಿತು. ನಾನು ಗುಂಡಿಯ ಮೇಲೆ ಬೆರಳಿಡಲಿಲ್ಲ. ಆಮೇಲೆ ಹಾಡು ನಿಂತು, ಚೊಂಬು ಕೈ ಬದಲಾದ ಸದ್ದು, ಗುಟುಕಿನ ಸದ್ದು, ದೂರದಲ್ಲಿ ಕುರಿಯ ಸದ್ದು ಆ ಕೋಣೆಯಲ್ಲಿ ಕೇಳಿಸಿದವು. ಆಗ ಆರಿಸಿದೆ. ಭೂಗೋಳದವರು ಎದ್ದು ನಕ್ಷೆ ಬಿಚ್ಚಿ ಮೊದಲ ನೀರಿನ ಮೇಲೆ ಬೆರಳಿಟ್ಟರು. ಅಲ್ಲಿಂದ ಕಾಣೆಯಾದ ಕೆರೆಯವರೆಗೆ ಒಬ್ಬರು ಬಿಟ್ಟಲ್ಲಿ ಇನ್ನೊಬ್ಬರು ಹಿಡಿದುಕೊಂಡು ಹೇಳಿದೆವು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸಾಗಿತು.

ಪ್ರಶ್ನೆಗಳು ಬಂದವು. ಭೂಗೋಳ ಮಾನವಿಕ ಹೇಗಾಯಿತು ಎಂದೊಬ್ಬರು. ಬಿ.ಎ. ತರಗತಿಗೆ ಕಲಿಸುವ ವಿಷಯಗಳೆಲ್ಲ ಮಾನವಿಕವೆಂದು ನಿಮ್ಮ ಸುತ್ತೋಲೆಯೇ ಒಪ್ಪಿದೆ ಎಂದೆವು. ಕೊನೆಯ ಪ್ರಶ್ನೆ ಅಧ್ಯಕ್ಷರದು. "ಮೂವರೂ ಬೇರೆ ಬೇರೆ ಊರಿನವರು. ಒಬ್ಬರಿಗೆ ವರ್ಗವಾದರೆ ಕೆಲಸದ ಗತಿ?"

ಉಳಿದವರು ಮುಂದುವರಿಸುತ್ತೇವೆ ಎಂದು ಹೇಳಬೇಕೆಂದು ಮೊದಲೇ ಮಾತಾಡಿಕೊಂಡಿದ್ದೆವು. ನಾನು ಬಾಯಿ ತೆರೆಯುವ ಮುಂಚೆ ಭೂಗೋಳದವರು ಹೇಳಿಬಿಟ್ಟರು.

"ನಿಂತು ಹೋಗ್ತೈತ್ರಿ ಸರ. ಒಬ್ರು ಹೋದ್ರೂ ನಿಲ್ತೈತಿ. ಅದಕ್ಕ ನಾವ್ಯಾರೂ ಹೋಗಾದಿಲ್ಲ."

ಮುಗಿಯಿತು ನಮ್ಮ ಕಥೆ ಎಂದುಕೊಂಡೆ. ಅಧ್ಯಕ್ಷರು ಏನೋ ಬರೆದುಕೊಂಡು, ನೀವಿನ್ನು ಹೋಗಬಹುದು ಎಂದರು.

ಮಂಜೂರಾತಿ ಪತ್ರ ಬಂದಾಗ ನಾನು ತರಗತಿಯಲ್ಲಿದ್ದೆ. ಜವಾನ ಬಂದು ಕರೆದ. ಪ್ರಾಂಶುಪಾಲರು ಸ್ಟಾಫ್ ರೂಮಿನ ನಡುವೆ ನಿಂತು ಪತ್ರವನ್ನು ಗಟ್ಟಿಯಾಗಿ ಓದಿದರು, ಪೇಢೆ ತರಿಸಿದರು, 'ನಮ್ಮ ಅರ್ಜಿ' ಎಂದರು. ಇರಲಿ, ನಾನೇನೂ ತಿದ್ದಲಿಲ್ಲ. ಆ ಸಲ ಆಯ್ಕೆಯಾದ ಪಟ್ಟಿಯಲ್ಲಿ ವಿಶ್ವವಿದ್ಯಾಲಯದ ವಿಭಾಗಗಳ ನಡುವೆ ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ ಎಂಬ ಮೂರು ಹೆಸರು ಒಂದೇ ಸಾಲಿನಲ್ಲಿದ್ದವು. ಆ ಸಾಲನ್ನು ಎಷ್ಟು ಸಲ ಓದಿಕೊಂಡೆನೋ. ಹಿರಿಯ ಪ್ರಾಧ್ಯಾಪಕರು ಫೋನ್ ಮಾಡಿ, "ಚೆನ್ನಾಗಿ ಮಾಡಿ ಮೇಡಂ," ಎಂದರು. ಮನಸ್ಸಿನಿಂದಲೇ ಹೇಳಿದರು.

ಸುದ್ದಿ ಹೇಳಲು ಮೂವರೂ ಹಟ್ಟಿಗೆ ಹೋದೆವು. ಉಳಿದ ಹಾಡನ್ನು ಪೂರ್ತಿ ತುಂಬಿಕೊಳ್ಳಲು ಹಟ್ಟಿಯ ಹಿರಿಯರ ಒಪ್ಪಿಗೆ ಬೇಕಿತ್ತು. ಅವರೆಲ್ಲ ಕಟ್ಟೆಯ ಮೇಲೆ ಕೂಡಿದ್ದರು. ಯಾರ ಆಳಾಗಿಯೂ ಬಂದಿಲ್ಲ, ಇದು ನಮ್ಮದೇ ಕೆಲಸ, ಪುಸ್ತಕದ ಮೊದಲ ಪುಟದಲ್ಲಿ ಹಾಡಿದ ಇಬ್ಬರ ಹೆಸರು ಮೇಲೆ, ಬರೆದ ನಮ್ಮದು ಕೆಳಗೆ ಎಂದು ನಾನು ಹೇಳಿದೆ. ಅರ್ಜಿಯಲ್ಲೂ ಹಾಗೇ ಕಾಣಿಸಿದ್ದೆವು, ಸಮಿತಿ ಒಪ್ಪಿತ್ತು. ಹಿರಿಯರು ತಲೆಯಾಡಿಸಿದರು. ಅಜ್ಜಿ ಮಾತ್ರ ಕೇಳಿದರು.

"ಇಬ್ಬರದರಾಗ ಯಾರದು ಮೊದಲು ಹಾಕೀರಿ?"

"ನಿಮ್ಮದಜ್ಜಿ. ಮುಂದ ಹಾಡೋರು ನೀವಲ್ಲ?"

"ಅದನ್ನ ತಿದ್ರಿ," ಎಂದರು ಅಜ್ಜಿ. "ಹಿಂದ ಹಾಡಾಕಿದು ಮೊದಲು ಬರೀರಿ. ಆಕಿ ಹಿಡಕಂಡ್ಲು ಅಂತ ಗೊತ್ತಾದ ಮ್ಯಾಲೇನ ನಾ ಮುಂದಿನ ಪದಕ್ಕ ಹೋಗಾದು."

ವಾರಗಿತ್ತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಅಯ್ಯ, ಸುಮ್ನಿರಕ್ಕ," ಎಂದರು. ಅಜ್ಜಿ ಸುಮ್ಮನಿರಲಿಲ್ಲ. ನಾನು ಹಾಗೇ ಆಗಲಿ ಎನ್ನುವ ತನಕ ಬಿಡಲಿಲ್ಲ.

ವರದಿ ಅಚ್ಚಾಗಿ ಬಂದಾಗ ಮೊದಲ ಪುಟದಲ್ಲಿ ಐದು ಹೆಸರುಗಳಿದ್ದವು. ವಾರಗಿತ್ತಿಯ ಹೆಸರು, ಅಜ್ಜಿಯ ಹೆಸರು. ಅದರ ಕೆಳಗೆ, ನಿದ್ದೆಯಲ್ಲೂ ನೀರು ಗುರುತಿಟ್ಟ ಭೂಗೋಳದವರದು. ಆಮೇಲೆ ಕಲ್ಲಿನ ಮುಂದೆ ಕೂತ ಇತಿಹಾಸದವರದು. ಪ್ರಧಾನ ಸಂಶೋಧಕಿಯಾದ ನನ್ನದು ಎಲ್ಲಕ್ಕಿಂತ ಕೊನೆಗೆ. ಅದಕ್ಕಿಂತ ಒಳ್ಳೆಯ ಜಾಗದಲ್ಲಿ ನನ್ನ ಹೆಸರು ಅಚ್ಚಾದದ್ದನ್ನು ನಾನು ಇಂದಿಗೂ ನೋಡಿಲ್ಲ.